ಗ್ಯಾಸ್ ಗೀಸರ್ ಇರುವ ಮನೆಗೆ ಕಾರ್ಬನ್ ಮೊನಾಕ್ಸೈಡ್‌ನಿಂದ ರಕ್ಷಣೆ: ಜಾಗ ಬದಲಿಸುವುದೇ, ಸರ್ವಿಸ್ ಮಾಡಿಸುವುದೇ, ಅಲಾರಂ ಹಾಕುವುದೇ?

ಚಳಿಗಾಲ ಆರಂಭವಾದೊಡನೆ ಕರ್ನಾಟಕದ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಸ್ನಾನಕ್ಕೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ, ಕೂಗಿದರೆ ಓಗೊಡಲಿಲ್ಲ, ಬಾಗಿಲು ಮುರಿದು ನೋಡಿದಾಗ ಕುಸಿದು ಬಿದ್ದಿದ್ದರು, ಗ್ಯಾಸ್ ಗೀಸರ್ ಇನ್ನೂ ಉರಿಯುತ್ತಲೇ ಇತ್ತು. ಸುದ್ದಿಯಲ್ಲಿ ಅನಿಲ ಸೋರಿಕೆ ಎಂದು ಬರೆದಿರುವುದುಂಟು. ಆದರೆ ಗೀಸರ್ ಉರಿಯುತ್ತಿರುವಾಗಲೇ ಹೀಗೆ ಸದ್ದಿಲ್ಲದೆ ಸಂಭವಿಸುವ ಸಾವಿಗೆ ಸಾಮಾನ್ಯವಾಗಿ ಕಾರಣ ಸೋರಿದ ಎಲ್‌ಪಿಜಿ ಅಲ್ಲ, ಸಾಕಷ್ಟು ಗಾಳಿ ಸಿಗದೆ ಅರೆಬರೆಯಾಗಿ ಉರಿದ ಎಲ್‌ಪಿಜಿಯಿಂದ ಹುಟ್ಟಿದ ಕಾರ್ಬನ್ ಮೊನಾಕ್ಸೈಡ್. ಈ ವ್ಯತ್ಯಾಸ ತಿಳಿಯದ ಕಾರಣ ಎಷ್ಟೋ ಮನೆಗಳವರು ಎಲ್‌ಪಿಜಿ ಸೋರಿಕೆಯ ಅಲಾರಂ ಒಂದನ್ನು ತಂದು ಗೋಡೆಗೆ ಸಿಕ್ಕಿಸಿ ನಿಶ್ಚಿಂತರಾಗುತ್ತಾರೆ. ಆ ಉಪಕರಣ ಕಾರ್ಬನ್ ಮೊನಾಕ್ಸೈಡನ್ನು ಗುರುತಿಸುವುದೇ ಇಲ್ಲ.

ಮನೆಯನ್ನು ಕಾಯಲು ಹಣ ಹಾಕಬಹುದಾದ ದಾರಿಗಳು ಮೂರು: ಉರಿಯನ್ನು ಮನುಷ್ಯರಿರುವ ಕೋಣೆಯಿಂದ ಹೊರಗೆ ಸಾಗಿಸುವುದು ಅಥವಾ ಉರಿಯೇ ಇಲ್ಲದ ಸಾಧನಕ್ಕೆ ಬದಲಾಗುವುದು, ಇರುವ ಸಾಧನವನ್ನು ಕಾಲಕಾಲಕ್ಕೆ ಸರಿಯಾಗಿ ಸರ್ವಿಸ್ ಮಾಡಿಸುವುದು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕುವುದು. ಪಾಶ್ಚಾತ್ಯ ದೇಶಗಳ ಸಲಹಾಪತ್ರಗಳಲ್ಲಿ ಅಲಾರಂಗೆ ಬಹು ದೊಡ್ಡ ಸ್ಥಾನವಿದೆ. ಅಲ್ಲಿನ ಮನೆಗಳಿಗೆ ಅದು ಸರಿಯೇ. ನಮ್ಮ ಮನೆಗಳಲ್ಲಿ, ಅದರಲ್ಲೂ ಗೀಸರ್ ಸ್ನಾನದ ಮನೆಯ ಒಳಗೇ ಇದ್ದರೆ, ಮೊದಲ ರೂಪಾಯಿ ಅಲಾರಂಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದು ತಿಳಿಯಲು ಸ್ನಾನದ ಮನೆಯೊಳಗಿನ ಗಾಳಿಯ ಲೆಕ್ಕವನ್ನು ಒಮ್ಮೆ ನೋಡಬೇಕು.

ಒಂದು ಸ್ನಾನಕ್ಕೆ ಎಷ್ಟು ಗಾಳಿ?

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಾಮಾನ್ಯ ಗ್ಯಾಸ್ ಗೀಸರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 0.9 ಕೆ.ಜಿ. ಎಲ್‌ಪಿಜಿ ಉರಿಸುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಅಂದರೆ ಕಾಲು ಗಂಟೆ ಗೀಸರ್ ಉರಿದರೆ ಸುಮಾರು 3 ಘನ ಮೀಟರ್ ಗಾಳಿ ಖರ್ಚಾಗುತ್ತದೆ. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಾತ್‌ರೂಮಿನಲ್ಲಿ ಇರುವ ಒಟ್ಟು ಗಾಳಿಯೇ ಸುಮಾರು 5.4 ಘನ ಮೀಟರ್. ಬಾಗಿಲು ಹಾಕಿ, ಚಳಿಯೆಂದು ವೆಂಟಿಲೇಟರಿಗೆ ರಟ್ಟು ಅಡ್ಡವಿಟ್ಟು ಸ್ನಾನ ಮಾಡುವಾಗ ಅಲ್ಲಿರುವ ಗಾಳಿಯ ಅರ್ಧಕ್ಕಿಂತ ಹೆಚ್ಚು ಪಾಲು ಉರಿಯ ಮೂಲಕ ಹಾದುಹೋಗುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಸೊರಗುತ್ತದೆ, ಕಾರ್ಬನ್ ಡೈಆಕ್ಸೈಡ್ ಆಗಬೇಕಿದ್ದ ಇಂಗಾಲ ಅರ್ಧದಲ್ಲೇ ನಿಂತು ಮೊನಾಕ್ಸೈಡ್ ಆಗುತ್ತದೆ, ಆ ಅನಿಲ ಅದೇ ಕೋಣೆಯಲ್ಲಿ ಉಳಿಯುತ್ತದೆ.

ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವ ಮನೆಯಲ್ಲಿ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ; ಕೊನೆಗೆ ಹೋದವರ ಪಾಲಿಗೆ ಹೆಚ್ಚು ಬರುತ್ತದೆ. ದೀಪಾವಳಿಯ ಅಭ್ಯಂಜನದ ದಿನವನ್ನು ನೆನೆಸಿಕೊಳ್ಳಿ. ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಸಾಲಾಗಿ ಕಾಯುತ್ತಾರೆ, ಪ್ರತಿಯೊಬ್ಬರ ಸ್ನಾನವೂ ಎಂದಿಗಿಂತ ದೀರ್ಘ, ಬೆಳಗಿನ ಚಳಿಗೆ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಎಲ್ಲರಿಗೂ ನೀರು ಹಾಕಿ ಕೊನೆಗೆ ತಾನು ಸ್ನಾನಕ್ಕೆ ಹೋಗುವ ಮನೆಯ ಹೆಂಗಸು ಅತಿ ಕೆಟ್ಟ ಗಾಳಿಯನ್ನು ಉಸಿರಾಡುತ್ತಾಳೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್‌ಪಿಜಿಗೆ ಬೆರೆಸುವ ಮರ್‌ಕ್ಯಾಪ್ಟನ್ನಿನ ದುರ್ವಾಸನೆಯೂ ಉರಿಯಲ್ಲಿ ಸುಟ್ಟುಹೋಗಿರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಕಾರ್ಬನ್ ಮೊನಾಕ್ಸೈಡನ್ನು ಹಿಡಿದುಕೊಳ್ಳುವುದರಿಂದ, ಗಾಳಿಯಲ್ಲಿ ಅದರ ಪ್ರಮಾಣ ಅತ್ಯಲ್ಪವಿದ್ದರೂ ದೇಹ ಅದನ್ನು ಕೂಡಿಸಿಡುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 200 ಪಾಲು, ಅಂದರೆ 200 ಪಿಪಿಎಂ ಇದ್ದರೆ ಎರಡು ಮೂರು ಗಂಟೆಯಲ್ಲಿ ತಲೆನೋವು ಬರುತ್ತದೆ. 1600 ಪಿಪಿಎಂ ಆದರೆ ಇಪ್ಪತ್ತು ನಿಮಿಷದಲ್ಲಿ ತಲೆಸುತ್ತು, ವಾಕರಿಕೆ, ಒಂದು ಗಂಟೆಯೊಳಗೆ ಸಾವು. 3200 ಪಿಪಿಎಂ ಮುಟ್ಟಿದರೆ ಐದು ಹತ್ತು ನಿಮಿಷದಲ್ಲೇ ತಲೆಸುತ್ತು, ಅರ್ಧ ಗಂಟೆಯೊಳಗೆ ಸಾವು. ಕಾಲು ಸೋತು ಕುಸಿದವರಿಗೆ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಬದುಕಿ ಉಳಿದವರಲ್ಲೂ ಬಾತ್‌ರೂಮಿನಲ್ಲಿ ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು, ಮುಂದೆ ಮರೆವು ಕಾಡುವುದು ಇವನ್ನೆಲ್ಲ ನಮ್ಮ ದೇಶದ ನರರೋಗ ತಜ್ಞರು ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರಿನಲ್ಲಿಯೇ ದಾಖಲಿಸಿದ್ದಾರೆ.

ನೀರು ಕಾಯಿಸುವ ಸಾಧನಗಳ ಹೋಲಿಕೆ

ಸ್ನಾನದ ಮನೆಯ ಗೋಡೆಗೇ ತೂಗುಹಾಕಿದ, ಹೊಗೆಕೊಳವೆಯಿಲ್ಲದ ಗ್ಯಾಸ್ ಗೀಸರ್ ಈ ಹೋಲಿಕೆಯ ಕಟ್ಟಕಡೆಯ ಸ್ಥಾನದಲ್ಲಿದೆ. ಅದನ್ನು ಯಾವ ಷರತ್ತಿನ ಮೇಲೂ ನಾನು ಒಪ್ಪಲಾರೆ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಹಲವರು ವಾದಿಸುತ್ತಾರೆ. ಫ್ಯಾನ್ ಹೊರಗೆ ತಳ್ಳಿದಷ್ಟೇ ಗಾಳಿ ಬೇರೊಂದು ಕಡೆಯಿಂದ ಒಳಗೆ ಬರಬೇಕು. ಬಾಗಿಲ ಕೆಳಗೆ ಸಂದಿಯೇ ಇಲ್ಲದ ಹೊಸ ಫ್ಲ್ಯಾಟುಗಳ ಬಾತ್‌ರೂಮಿನಲ್ಲಿ ಫ್ಯಾನ್ ಸುಮ್ಮನೆ ತಿರುಗುತ್ತದೆಯೇ ಹೊರತು ಗಾಳಿ ಬದಲಾಗುವುದಿಲ್ಲ. ಹೊಗೆಕೊಳವೆಯಿರುವ ಗೀಸರಿನ ಪಕ್ಕದಲ್ಲಿ ಬಲವಾದ ಫ್ಯಾನ್ ಇದ್ದರಂತೂ ಕೊಳವೆಯ ಮೂಲಕ ಮೇಲೇರಬೇಕಾದ ಹೊಗೆಯನ್ನು ಅದು ಕೋಣೆಯೊಳಗೇ ಎಳೆದುಕೊಳ್ಳಬಹುದು.

ಎರಡನೆಯದು, ಅದೇ ಗೀಸರನ್ನು ಹೊರಗಿನ ಬಾಲ್ಕನಿ, ಯುಟಿಲಿಟಿ ಅಥವಾ ಹಿತ್ತಲ ಗೋಡೆಗೆ ಸಾಗಿಸಿ ಬಿಸಿನೀರನ್ನು ಪೈಪಿನಲ್ಲಿ ಒಳಗೆ ತರುವುದು. ಪ್ಲಂಬರ್ ಒಬ್ಬರ ಕೆಲಸ, ಕೆಲವು ಅಡಿ ಬಿಸಿನೀರಿನ ಪೈಪು, ಒಂದಿಷ್ಟು ಗೋಡೆ ಕೊರೆತ, ಇಷ್ಟರಲ್ಲಿ ಮುಗಿಯುವ ಖರ್ಚು. ಇಡೀ ಹೋಲಿಕೆಯಲ್ಲಿ ಹಾಕಿದ ಹಣಕ್ಕೆ ಅತಿ ಹೆಚ್ಚು ರಕ್ಷಣೆ ಕೊಡುವ ಕ್ರಮ ಇದೇ. ಆದರೆ ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಿಲ್ಡರ್ ಕಟ್ಟಿಕೊಟ್ಟಾಗ ತೆರೆದೇ ಇದ್ದ ಯುಟಿಲಿಟಿಗೆ ಧೂಳು, ಪಾರಿವಾಳ, ಮಳೆಯ ಎರಚಲು ತಡೆಯಲೆಂದು ಕೆಲವು ವರ್ಷಗಳ ನಂತರ ಗಾಜಿನ ಕಿಟಕಿ ಹಾಕಿಸುತ್ತಾರೆ. ಆ ದಿನದಿಂದ ಹೊರಗಿದ್ದ ಗೀಸರ್ ಮನೆಯ ಒಳಗೆ ಬಂದಂತಾಯಿತು, ಅದರ ಹೊಗೆ ಅಡುಗೆಮನೆಗೆ ಹರಿಯತೊಡಗುತ್ತದೆ. ಗಾಜು ಹಾಕಿಸುವ ಮೊದಲು ಗೀಸರಿನ ವ್ಯವಸ್ಥೆ ಬದಲಿಸಬೇಕು. ಹಾಗೆಯೇ ಹಲವು ಬಾತ್‌ರೂಮುಗಳ ವೆಂಟಿಲೇಟರುಗಳು ಒಂದೇ ಕಿರಿದಾದ ಡಕ್ಟಿಗೆ ತೆರೆದುಕೊಳ್ಳುವ ಕಟ್ಟಡಗಳಲ್ಲಿ ಕೆಳಗಿನ ಮನೆಯ ಗೀಸರಿನ ಹೊಗೆ ಮೇಲಿನ ಮನೆಗೆ ಹೋಗುವ ಸಾಧ್ಯತೆ ಇದೆ. ಹೊಗೆಯನ್ನು ಡಕ್ಟಿಗೆ ಬಿಡುವುದನ್ನು ನಿವಾಸಿಗಳ ಸಂಘವೇ ನಿಷೇಧಿಸುವುದು ಒಳ್ಳೆಯದು.

ಮೂರನೆಯದು, ಉರಿಯ ಪೆಟ್ಟಿಗೆ ಪೂರ್ತಿ ಮುಚ್ಚಿದ್ದು, ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನೂ ಹೊರಕ್ಕೇ ಬಿಡುವ ಜೋಡುಕೊಳವೆಯ ಗೀಸರ್. ಒಳಗೇ ಇಡಬೇಕಾದ ಅನಿವಾರ್ಯವಿದ್ದರೆ ಇದು ಮಾತ್ರ ಒಪ್ಪತಕ್ಕದ್ದು. ಬೆಲೆ ಹೆಚ್ಚು, ಅಳವಡಿಸುವವರಿಗೆ ಕೆಲಸ ಗೊತ್ತಿರಬೇಕು, ನಮ್ಮ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ.

ಅಂಗಡಿಯವರು ಹೇಳುವ ಸುರಕ್ಷತಾ ಸೌಲಭ್ಯಗಳನ್ನೂ ಬಿಡಿಸಿ ನೋಡಬೇಕು. ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಸೋರಿಕೆಯನ್ನು ತಡೆಯುತ್ತದೆ. ಉರಿ ಆರದೆ ಕೆಟ್ಟದಾಗಿ ಉರಿಯುತ್ತಿದ್ದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವ ಟೈಮರ್ ಒಳ್ಳೆಯದೇ, ಆದರೆ ಮೇಲಿನ ಲೆಕ್ಕದಂತೆ ಇಪ್ಪತ್ತು ನಿಮಿಷ ಸಣ್ಣ ಬಾತ್‌ರೂಮಿಗೆ ದೀರ್ಘ ಕಾಲ. ಆಮ್ಲಜನಕ ಇಳಿದಾಗ ಉರಿಯನ್ನು ನಿಲ್ಲಿಸುವ ಸೆನ್ಸರ್ ಇದ್ದರೆ ಅದು ನಿಜವಾದ ರಕ್ಷಣೆ. ಕೊಳ್ಳುವಾಗ ಐಎಸ್ 15558 ಮಾನಕದ ಐಎಸ್‌ಐ ಗುರುತನ್ನು ನೋಡಿ, ಈ ಸೆನ್ಸರ್ ಇದೆಯೇ ಎಂದು ಬೇರೆಯಾಗಿ ಕೇಳಿ.

ಉರಿಯೇ ಇಲ್ಲದ ವಿದ್ಯುತ್ ಗೀಸರ್ ಈ ಒಂದು ಅಪಾಯವನ್ನು ಬೇರಿನಿಂದ ಕಿತ್ತುಹಾಕುತ್ತದೆ. ಗ್ಯಾಸ್ ಅಗ್ಗ ಎಂಬ ಕಾರಣಕ್ಕೆ ಜನ ಹಿಂಜರಿಯುವುದರಿಂದ ಲೆಕ್ಕವನ್ನು ಬಿಡಿಸಿಡುತ್ತೇನೆ. 20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಸಾಕು. ಅದೇ ಕೆಲಸಕ್ಕೆ ಗೀಸರ್ ಸುಮಾರು 45 ಗ್ರಾಂ ಎಲ್‌ಪಿಜಿ ಉರಿಸುತ್ತದೆ, ಅಂದರೆ 14.2 ಕೆ.ಜಿ. ಸಿಲಿಂಡರಿನಿಂದ ಮುನ್ನೂರು ಬಕೆಟ್ಟಿನಷ್ಟು. ನಿಮ್ಮ ಸಿಲಿಂಡರಿನ ಬೆಲೆಯನ್ನೂ ವಿದ್ಯುತ್ ದರವನ್ನೂ ಹಾಕಿ ನೋಡಿದರೆ ವ್ಯತ್ಯಾಸ ನೀವಂದುಕೊಂಡಷ್ಟು ದೊಡ್ಡದಲ್ಲ ಎಂದು ತಿಳಿಯುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿರುವವರು ತಮ್ಮ ಉಚಿತ ಮಿತಿಯೊಳಗೆ ಈ ಬಳಕೆ ಹಿಡಿಸುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ವಿದ್ಯುತ್ ಗೀಸರಿಗೂ ಅದರದೇ ಅಪಾಯವಿದೆ: ಅರ್ತಿಂಗ್ ಸರಿಯಿಲ್ಲದಿದ್ದರೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಶಾಕ್ ಹೊಡೆಯಬಹುದು. ಎಲೆಕ್ಟ್ರಿಷಿಯನ್ನರಿಂದ ಈ ಎರಡನ್ನೂ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲನ್ನು ಇದರ ಬದಲಿ ಎಂದು ನಾನು ಎಣಿಸುವುದಿಲ್ಲ.

ಸೋಲಾರ್ ಇದ್ದಲ್ಲಿ ಬೇರೆ ಮಾತೇ ಬೇಡ. ಮಲೆನಾಡಿನ ಮಳೆಗಾಲದಂಥ ಮೋಡದ ದಿನಗಳಲ್ಲಿ ಮಾತ್ರ ಅದಕ್ಕೆ ವಿದ್ಯುತ್ತಿನ ಆಸರೆ ಬೇಕಾಗುತ್ತದೆ.

ಸೌದೆಯ ಹಂಡೆ ಒಲೆಯ ವಿಷಯ ಸ್ವಲ್ಪ ಬೇರೆ. ಹಳೆಯ ಮನೆಗಳಲ್ಲಿ ಬಚ್ಚಲು ಹಿಂಬದಿಯಲ್ಲಿರುತ್ತಿತ್ತು, ಹೆಂಚಿನ ಸಂದಿಗಳಲ್ಲಿ ಹೊಗೆ ಹೊರಗೆ ಹೋಗುತ್ತಿತ್ತು, ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿಯೇ ಗೋಡೆಯ ಆಚೆಗಿತ್ತು. ಅದೇ ಹಂಡೆಯನ್ನು ಆರ್‌ಸಿಸಿ ಛಾವಣಿಯ ಬಿಗಿಯಾದ ಹೊಸ ಬಚ್ಚಲಿಗೆ ತಂದರೆ ಹಳೆಯ ಮನೆಯ ಸುರಕ್ಷತೆ ಜೊತೆಗೆ ಬರುವುದಿಲ್ಲ. ಹೊಗೆ ಕಾಣುವವರೆಗೆ ಜನ ಎಚ್ಚರವಾಗಿರುತ್ತಾರೆ. ಹೊಗೆ ನಿಂತು ನಿಗಿನಿಗಿ ಕೆಂಡವಾದ ಮೇಲೆ ಕಾರ್ಬನ್ ಮೊನಾಕ್ಸೈಡ್ ಹೇರಳವಾಗಿ ಹೊಮ್ಮುತ್ತದೆ. ಒಲೆಯ ಬಾಯನ್ನು ಹೊರಗಿಡುವುದೇ ಇದಕ್ಕೆ ಪರಿಹಾರ.

ಸರ್ವಿಸ್: ಮನೆಯವರು ನೋಡಬೇಕಾದ್ದು, ಮೆಕ್ಯಾನಿಕ್ ಮಾಡಬೇಕಾದ್ದು

ಹೊರಗಿಟ್ಟ ಗೀಸರ್ ಕೂಡ ವರ್ಷಕ್ಕೊಮ್ಮೆ ಬಿಚ್ಚಿ ಶುಚಿಯಾಗಬೇಕು. ಉರಿಯ ಮೇಲಿರುವ ತಾಮ್ರದ ರೆಕ್ಕೆಗಳ ನಡುವೆ ಮಸಿ, ಧೂಳು, ಜೇಡರ ಬಲೆ ಕಟ್ಟಿಕೊಂಡರೆ ಹೊಗೆ ಮೇಲೇರಲು ದಾರಿಯಿಲ್ಲದೆ ಉರಿಗೆ ಹೊಸ ಗಾಳಿ ಸಿಗುವುದಿಲ್ಲ. ಉರಿ ಕೆಟ್ಟಷ್ಟೂ ಮಸಿ ಹೆಚ್ಚು, ಮಸಿ ಹೆಚ್ಚಿದಷ್ಟೂ ಉರಿ ಇನ್ನಷ್ಟು ಕೆಡುತ್ತದೆ. ಹೀಗಾಗಿ ಕಳೆದ ತಿಂಗಳು ಸರಿಯಿದ್ದ ಗೀಸರ್ ಈ ತಿಂಗಳು ಅಪಾಯಕಾರಿಯಾಗಬಹುದು. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಕೊಳವೆಗಳೊಳಗೆ ಸುಣ್ಣದ ಪದರ ಕಟ್ಟುತ್ತದೆ, ನೀರು ಸಾಕಷ್ಟು ಬಿಸಿಯಾಗುವುದಿಲ್ಲ, ಮನೆಯವರು ಗ್ಯಾಸಿನ ತಿರುಪನ್ನು ಪೂರ್ತಿ ಏರಿಸಿ ಹೆಚ್ಚು ಹೊತ್ತು ಉರಿಸುತ್ತಾರೆ. ನೀರು ಮೊದಲಿನಷ್ಟು ಬಿಸಿಯಾಗುತ್ತಿಲ್ಲ ಎಂಬ ದೂರನ್ನು ಆದ್ದರಿಂದ ಕೇವಲ ಅನಾನುಕೂಲವೆಂದು ಬಗೆಯಬಾರದು.

ಮನೆಯವರು ಸ್ವತಃ ನೋಡಬಹುದಾದದ್ದು ಉರಿಯ ಬಣ್ಣ. ಗೀಸರಿನ ಮುಂಭಾಗದ ಸಣ್ಣ ಕಿಂಡಿಯಲ್ಲಿ ಉರಿ ನೀಲಿಯಾಗಿ, ನಿಶ್ಚಲವಾಗಿ ಕಾಣಬೇಕು. ಹಳದಿ ನಾಲಿಗೆಗಳು ತೂಗಾಡುತ್ತಿದ್ದರೆ, ಮೇಲ್ಭಾಗದಲ್ಲೋ ಪಕ್ಕದ ಗೋಡೆಯಲ್ಲೋ ಕಪ್ಪು ಹಿಡಿದಿದ್ದರೆ, ಹೊತ್ತಿಕೊಳ್ಳುವಾಗ ಢಬ್ ಎಂದು ಸದ್ದಾಗುತ್ತಿದ್ದರೆ ಅದೇ ದಿನ ಬಳಕೆ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಬೇಕು. ಆದರೆ ಉರಿ ನೀಲಿಯಾಗಿದೆ ಎಂಬುದು ಅಪಾಯವಿಲ್ಲ ಎಂಬುದಕ್ಕೆ ಪ್ರಮಾಣವಲ್ಲ. ಸ್ನಾನದ ಆರಂಭದಲ್ಲಿ ನೀಲಿಯಾಗಿದ್ದ ಉರಿ ಹತ್ತು ನಿಮಿಷದ ನಂತರ, ಗಾಳಿ ಕಡಿಮೆಯಾದಾಗ, ಹೇಗಿತ್ತೆಂದು ಸ್ನಾನ ಮಾಡುವವರು ತಿರುಗಿ ನೋಡಿರುವುದಿಲ್ಲ.

ಬರ್ನರ್, ಜೆಟ್ (ಅನಿಲ ಹೊರಬರುವ ಸಣ್ಣ ರಂಧ್ರದ ಭಾಗ), ಒತ್ತಡದ ಹೊಂದಾಣಿಕೆ ಇವು ಮೆಕ್ಯಾನಿಕ್ಕಿನ ಕೆಲಸ. ಸಿಲಿಂಡರಿನಿಂದ ಪೈಪಿನ ನೈಸರ್ಗಿಕ ಅನಿಲಕ್ಕೆ ಬದಲಾಗುತ್ತಿರುವ ಬೆಂಗಳೂರಿನ ಬಡಾವಣೆಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು: ಎಲ್‌ಪಿಜಿಗಾಗಿ ಮಾಡಿದ ಗೀಸರಿಗೆ ಪೈಪಿನ ಅನಿಲವನ್ನು ಹಾಗೆಯೇ ಜೋಡಿಸುವಂತಿಲ್ಲ. ಎರಡು ಅನಿಲಗಳ ಶಾಖವೂ ಅವಕ್ಕೆ ಬೇಕಾದ ಗಾಳಿಯ ಪ್ರಮಾಣವೂ ಬೇರೆಯಾದ್ದರಿಂದ ತಯಾರಕರ ಒಪ್ಪಿಗೆಯಿರುವ ಜೆಟ್ ಹಾಕಿಸಬೇಕು, ಇಲ್ಲವೇ ಪೈಪಿನ ಅನಿಲಕ್ಕೆಂದೇ ಮಾಡಿದ ಮಾದರಿಯನ್ನು ಕೊಳ್ಳಬೇಕು. ತಂತಿಯಿಂದ ಜೆಟ್ಟಿನ ರಂಧ್ರವನ್ನು ದೊಡ್ಡದು ಮಾಡಿಕೊಡುವ ರಿಪೇರಿಯವರನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು. ಹೊಗೆಕೊಳವೆ ಇದ್ದರೆ ಅದರ ಹೊರ ಬಾಯಿಯಲ್ಲಿ ಕಣಜ ಗೂಡು ಕಟ್ಟಿದೆಯೇ, ಹಕ್ಕಿ ಕಡ್ಡಿ ತುಂಬಿದೆಯೇ, ಪೇಂಟಿಂಗ್ ಮಾಡುವಾಗ ಯಾರಾದರೂ ಪ್ಲಾಸ್ಟಿಕ್ ಕಟ್ಟಿ ಮರೆತಿದ್ದಾರೆಯೇ ಎಂದು ಪ್ರತಿ ಚಳಿಗಾಲಕ್ಕೆ ಮೊದಲು ನೋಡಬೇಕು. ಸುರಕ್ಷಾ ಹೋಸನ್ನು ಐದು ವರ್ಷಕ್ಕೊಮ್ಮೆ ಬದಲಿಸುವುದು ಸೋರಿಕೆಯ ವಿಷಯಕ್ಕೆ ಸೇರಿದ್ದಾದರೂ ಅದೇ ಭೇಟಿಯಲ್ಲಿ ಮುಗಿಸಿಕೊಳ್ಳಬಹುದು.

ಜಾಗ ಬದಲಿಸುವುದಕ್ಕೆ ಮನೆಯ ಮಾಲೀಕರು ಒಪ್ಪದ ಬಾಡಿಗೆ ಮನೆಯವರಿಗೆ ಖರ್ಚಿಲ್ಲದ ಒಂದು ಕ್ರಮವಿದೆ. ಬಾಗಿಲು ತೆರೆದಿಟ್ಟೇ ಬಕೆಟ್‌ಗಳನ್ನು ತುಂಬಿಸಿ, ಗೀಸರನ್ನು ಆರಿಸಿ, ಐದಾರು ನಿಮಿಷ ಗಾಳಿಯಾಡಲು ಬಿಟ್ಟು, ಆಮೇಲೆ ಬಾಗಿಲು ಹಾಕಿಕೊಳ್ಳಬೇಕು. ಷವರಿನಡಿ ನಿಲ್ಲುವವರಿಗೆ ಇದು ಒಗ್ಗುವುದಿಲ್ಲ. ಷವರ್ ಬೇಕೆಂದರೆ ಗೀಸರ್ ಸ್ನಾನದುದ್ದಕ್ಕೂ ಉರಿಯುತ್ತಲೇ ಇರಬೇಕಾಗುತ್ತದೆ, ಆದ್ದರಿಂದ ಅಂಥ ಮನೆಯಲ್ಲಿ ಷವರನ್ನೇ ಬಿಡಬೇಕು. ಮಕ್ಕಳಿಗೂ ವಯಸ್ಸಾದವರಿಗೂ ಒಳಗಿನಿಂದ ಚಿಲಕ ಹಾಕಬೇಡಿ ಎಂದು ಹೇಳಿ, ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಚಿಲಕವನ್ನು ಹಾಕಿಸಿ.

ಅಲಾರಂ: ಯಾವುದು, ಎಲ್ಲಿ

ಅಲಾರಂ ಬಗ್ಗೆ ಇಷ್ಟು ಹೊತ್ತು ಬರೆಯದಿದ್ದುದಕ್ಕೆ ಕಾರಣ ಅದರ ಮಾನಕದಲ್ಲೇ ಇದೆ. ಅಮೆರಿಕದ ಯುಎಲ್ 2034 ಮಾನಕದ ಪ್ರಕಾರ ಅಲಾರಂ 70 ಪಿಪಿಎಂನಲ್ಲಿ 60ರಿಂದ 240 ನಿಮಿಷದೊಳಗೆ, 150 ಪಿಪಿಎಂನಲ್ಲಿ 10ರಿಂದ 50 ನಿಮಿಷದೊಳಗೆ, 400 ಪಿಪಿಎಂನಲ್ಲಿ 4ರಿಂದ 15 ನಿಮಿಷದೊಳಗೆ ಕೂಗಬೇಕು. ಯುರೋಪಿನ ಇಎನ್ 50291 ಇನ್ನಷ್ಟು ಬಿಗಿಯಾದದ್ದು: 50 ಪಿಪಿಎಂನಲ್ಲಿ 60ರಿಂದ 90 ನಿಮಿಷ, 100 ಪಿಪಿಎಂನಲ್ಲಿ 10ರಿಂದ 40 ನಿಮಿಷ, 300 ಪಿಪಿಎಂ ಆದರೆ 3 ನಿಮಿಷದೊಳಗೆ. ಇವು ರಾತ್ರಿಯಿಡೀ ಮಲಗಿರುವ ಮನೆಯಲ್ಲಿ ಅನಿಲ ನಿಧಾನವಾಗಿ ಏರುವುದನ್ನು ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕಗಳು. ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಮಾಣ ಏರುವಾಗ, ಅಲಾರಂ ಬಾಗಿಲಿನ ಆಚೆಗಿದ್ದರೆ, ಒಳಗಿನವರು ಬಿದ್ದ ಮೇಲೆ ಅದು ಕೂಗುವ ಸಾಧ್ಯತೆಯೇ ಹೆಚ್ಚು. ಹಬೆ ಮತ್ತು ತೇವ ಸೆನ್ಸರನ್ನು ಕೆಡಿಸುವುದರಿಂದ ಬಾತ್‌ರೂಮಿನ ಒಳಗೆ ಅದನ್ನು ಹಾಕುವಂತೆಯೂ ಇಲ್ಲ.

ಹಾಗಾದರೆ ಅಲಾರಂ ಯಾರಿಗೆ ಮೊದಲ ಆಯ್ಕೆ? ಉರಿ ಇರುವ ಕಡೆ ಜನ ಮಲಗುವ ಮನೆಗಳಿಗೆ. ಬಾಣಂತಿಯ ಕೋಣೆಯನ್ನು ಬೆಚ್ಚಗಿಡಲು, ಧೂಪ ಹಾಕಲು ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಮಂಚದ ಬಳಿ ಇಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ, ಶೀತಗಾಳಿ ತಾಗಬಾರದೆಂದು ಕಿಟಕಿಗಳನ್ನೂ ಭದ್ರವಾಗಿ ಮುಚ್ಚುತ್ತಾರೆ. ಅಲ್ಲಿ ಮಲಗಿರುವ ಎಳೆಗೂಸು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತದೆ, ಬೇಗ ವಿಷಕ್ಕೆ ಒಳಗಾಗುತ್ತದೆ. ಧೂಪ ಹಾಕಿದ ತಕ್ಷಣ ಕೆಂಡವನ್ನು ಹೊರಗೊಯ್ಯುವುದೇ ಸರಿಯಾದ ಕ್ರಮ; ಕೊಡಗು, ಚಿಕ್ಕಮಗಳೂರಿನ ಚಳಿಗೆ ಕೋಣೆ ಬೆಚ್ಚಗಿರಲೇಬೇಕೆಂದರೆ ವಿದ್ಯುತ್ ಹೀಟರ್ ಇಡಬೇಕು. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟೊಂದರಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ ಕೇರಳದ ಎಂಟು ಪ್ರವಾಸಿಗರು ಬೆಳಗ್ಗೆ ಏಳಲಿಲ್ಲ. ಬೆಟ್ಟದೂರುಗಳ ಹೋಂಸ್ಟೇಗಳಿಗೆ ಆಗಾಗ ಹೋಗುವವರು ಅಂಗೈಯಗಲದ ಬ್ಯಾಟರಿ ಅಲಾರಂ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಜನರೇಟರ್ ಬಳಸುವ ಮನೆಗಳಿಗೂ ಅಲಾರಂ ಬೇಕು, ಜೊತೆಗೆ ಜನರೇಟರ್ ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರವಿರಬೇಕು.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮೇಲೆ ಹೇಳಿದ ಎರಡು ಮಾನಕಗಳಲ್ಲಿ ಒಂದರ ಗುರುತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಯಾವ ಮಾನಕವನ್ನೂ ಹೇಳದ, ಅಂಕಿ ತೋರಿಸುವ ಪೆಟ್ಟಿಗೆಗಳನ್ನು ನಂಬಬಾರದು. ಎರಡರಲ್ಲಿ ಗರ್ಭಿಣಿ, ಮಗು, ಹೃದ್ರೋಗಿ ಇರುವ ಮನೆಗೆ ಇಎನ್ ಗುರುತಿನದನ್ನು ಆರಿಸುತ್ತೇನೆ, ಏಕೆಂದರೆ 70 ಪಿಪಿಎಂಗಿಂತ ಕೆಳಗಿನ ಪ್ರಮಾಣ ಗಂಟೆಗಟ್ಟಲೆ ಇದ್ದರೂ ಯುಎಲ್ ಮಾದರಿ ಮೌನವಾಗಿರಬಹುದು. ಅನಿಲವನ್ನು ರಾಸಾಯನಿಕ ಕ್ರಿಯೆಯಿಂದ ಗುರುತಿಸುವ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಇರುವುದನ್ನೇ ಕೊಳ್ಳಬೇಕು. ವಿದ್ಯುತ್ ಕೈಕೊಡುವ ನಮ್ಮ ಊರುಗಳಿಗೆ ಪ್ಲಗ್ಗಿಗೆ ಸಿಕ್ಕಿಸುವ ಮಾದರಿಗಿಂತ ಬ್ಯಾಟರಿಯದು ಮೇಲು. ಸೆನ್ಸರಿನ ಆಯುಸ್ಸಿನಷ್ಟೇ ಬಾಳುವ ಮೊಹರು ಹಾಕಿದ ಬ್ಯಾಟರಿಯಿದ್ದರೆ, ಟಿವಿ ರಿಮೋಟಿಗೆಂದು ಮಕ್ಕಳು ಸೆಲ್ ಕಿತ್ತುಕೊಳ್ಳುವ ತೊಂದರೆಯೂ ತಪ್ಪುತ್ತದೆ. ಮೊಬೈಲಿಗೆ ಸಂದೇಶ ಕಳಿಸುವ ದುಬಾರಿ ಮಾದರಿಯಿಂದ ಮನೆಯೊಳಗಿರುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಒಂಟಿಯಾಗಿರುವ ತಂದೆತಾಯಿಯರ ಮನೆಗಾದರೆ ಯೋಚಿಸಬಹುದು.

ಎಲ್‌ಪಿಜಿ ಮತ್ತು ಕಾರ್ಬನ್ ಮೊನಾಕ್ಸೈಡ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಗುರುತಿಸುವ ಸಾಧನ ಲಾಭದಾಯಕವಾಗಿ ಕಾಣುತ್ತದೆ, ಆದರೆ ಅದನ್ನು ಎಲ್ಲಿ ಹಾಕುವುದು? ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಆದ್ದರಿಂದ ಅದರ ಸೆನ್ಸರ್ ನೆಲದಿಂದ ಒಂದಡಿಯೊಳಗೆ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಗಾಳಿಯಷ್ಟೇ ತೂಕದ್ದು, ಬಿಸಿ ಹೊಗೆಯೊಡನೆ ಮೇಲೇರಿ ಎಲ್ಲೆಡೆ ಬೆರೆಯುತ್ತದೆ. ಒಂದಕ್ಕೆ ಸರಿಯಾದ ಜಾಗ ಇನ್ನೊಂದಕ್ಕೆ ಸರಿಯಲ್ಲ. ಎರಡು ಪ್ರತ್ಯೇಕ ಅಲಾರಂಗಳೇ ಮೇಲು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಅನ್ನು ಗೀಸರಿನಿಂದ 1ರಿಂದ 3 ಮೀಟರ್ ಅಂತರದಲ್ಲಿ, ಬಾಗಿಲು ಕಿಟಕಿಗಳ ಮೇಲಂಚಿಗಿಂತ ಎತ್ತರದಲ್ಲಿ, ಆದರೆ ಸೂರಿನಿಂದ ಅರ್ಧ ಅಡಿ ಕೆಳಗೆ ಹಾಕಬೇಕು. ಮಲಗುವ ಕೋಣೆಯಲ್ಲಾದರೆ ಮಲಗಿದವರ ತಲೆಯ ಮಟ್ಟದಲ್ಲಿ. ಪರದೆಯ ಹಿಂದೆ, ಕಪಾಟಿನೊಳಗೆ, ಫ್ಯಾನಿನ ಗಾಳಿ ನೇರವಾಗಿ ಬಡಿಯುವಲ್ಲಿ ಬೇಡ. ಇನ್ವರ್ಟರ್ ಇರುವ ಮನೆಗಳವರು ಇನ್ನೊಂದನ್ನು ತಿಳಿದಿರಬೇಕು: ಚಾರ್ಜ್ ಆಗುವಾಗ ಬ್ಯಾಟರಿ ಹೊರಬಿಡುವ ಜಲಜನಕವನ್ನು ಈ ಸೆನ್ಸರುಗಳು ಕಾರ್ಬನ್ ಮೊನಾಕ್ಸೈಡ್ ಎಂದು ತಪ್ಪಾಗಿ ಗ್ರಹಿಸುತ್ತವೆ. ಅಲಾರಂ ಸುಮ್ಮಸುಮ್ಮನೆ ಕೂಗುತ್ತದೆ ಎಂದು ಬೇಸತ್ತು ಕಿತ್ತುಹಾಕುವ ಬದಲು ಬ್ಯಾಟರಿಯಿಂದ ದೂರಕ್ಕೆ ಸರಿಸಿ, ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆಯೇ ಎಂದೂ ಪರೀಕ್ಷಿಸಿ.

ಟೆಸ್ಟ್ ಗುಂಡಿ ಒತ್ತಿದಾಗ ಕೂಗಿದರೆ ಗಂಟೆ ಮತ್ತು ಸರ್ಕ್ಯೂಟ್ ಸರಿಯಿವೆ ಎಂದಷ್ಟೇ ಅರ್ಥ. ಸೆನ್ಸರಿನ ಆಯುಸ್ಸು ಮುಗಿದಿದ್ದರೂ ಅದು ಕೂಗುತ್ತದೆ. ಮಾದರಿಗೆ ತಕ್ಕಂತೆ 5ರಿಂದ 10 ವರ್ಷಕ್ಕೆ ಇಡೀ ಅಲಾರಂ ಬದಲಿಸಬೇಕು, ದಿನಾಂಕ ಅದರ ಬೆನ್ನಿನಲ್ಲೋ ಬದಿಯಲ್ಲೋ ಮುದ್ರಿತವಾಗಿರುತ್ತದೆ.

ಇಂಗ್ಲೆಂಡ್, ಅಮೆರಿಕ, ಕೆನಡಾಗಳಲ್ಲಿರುವ ಕನ್ನಡಿಗರಿಗೆ ಕ್ರಮ ತಿರುವುಮುರುವು. ಅಲ್ಲಿ ಉರಿ ಇರುವುದು ಬೇಸ್‌ಮೆಂಟಿನ ಫರ್ನೇಸಿನಲ್ಲಿ ಅಥವಾ ಬಾಯ್ಲರಿನಲ್ಲಿ, ಜನ ಮಲಗುವುದು ಅದರ ಮೇಲೆ, ಕಿಟಕಿಗಳು ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಪ್ರತಿ ಅಂತಸ್ತಿಗೊಂದು ಅಲಾರಂ ಅಲ್ಲಿ ಮೊದಲ ಖರ್ಚು. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಅಡುಗೆಯ ಗ್ಯಾಸ್ ಒಲೆಯನ್ನು ಬಿಟ್ಟು ಸ್ಥಿರವಾದ ಬೇರಾವುದೇ ಉರಿಯುವ ಸಾಧನವಿರುವ ವಾಸದ ಕೋಣೆಗೆ ಬಾಡಿಗೆದಾರರಿಗಾಗಿ ಮಾಲೀಕರೇ ಅಲಾರಂ ಹಾಕಿಕೊಡಬೇಕೆಂದು ಕಾನೂನಿದೆ. ಹಿಮ ಸುರಿದಾಗ ಗೋಡೆಯ ಹೊಗೆಕೊಳವೆಯ ಬಾಯಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು, ಗ್ಯಾರೇಜಿನೊಳಗೆ ಕಾರನ್ನು ಚಾಲೂ ಇಟ್ಟು ಬೆಚ್ಚಗಾಗಿಸಬಾರದು.

ಅಲಾರಂ ಕೂಗಿದರೆ, ಯಾರಾದರೂ ಕುಸಿದಿದ್ದರೆ

ನಿಮಿಷಕ್ಕೊಮ್ಮೆ ಚಿಕ್ಕದಾಗಿ ಚಿಕ್ ಎನ್ನುವುದು ಸಾಮಾನ್ಯವಾಗಿ ಬ್ಯಾಟರಿ ಮುಗಿದ ಸೂಚನೆ. ಬಿಟ್ಟುಬಿಟ್ಟು ಜೋರಾಗಿ ನಾಲ್ಕು ನಾಲ್ಕು ಬಾರಿ ಕೂಗಿದರೆ ಅದು ಅನಿಲ. ವಾಸನೆ ಬರುತ್ತಿಲ್ಲವೆಂದು ಅದನ್ನು ಅಲಕ್ಷಿಸಬಾರದು. ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತಂದು, ದಾರಿಯಲ್ಲಿ ಸಿಕ್ಕ ಬಾಗಿಲು ಕಿಟಕಿಗಳನ್ನು ತೆರೆದು, ಸಾಧ್ಯವಾದರೆ ರೆಗ್ಯುಲೇಟರ್ ಮುಚ್ಚಿ, 112ಕ್ಕೋ 108ಕ್ಕೋ ಕರೆ ಮಾಡಬೇಕು. ಬಾತ್‌ರೂಮಿನಲ್ಲಿ ಬಿದ್ದವರನ್ನು ತೆಗೆಯುವವರು ಬಾಗಿಲು ತೆರೆದೊಡನೆ ಒಳಗೆ ಕುಳಿತು ಆರೈಕೆ ಮಾಡತೊಡಗಬಾರದು. ಉಸಿರು ಬಿಗಿಹಿಡಿದು ಅವರನ್ನು ಹೊರಗಿನ ಗಾಳಿಗೆ ಎಳೆದು ತರಬೇಕು, ಉಳಿದದ್ದೆಲ್ಲ ಆಮೇಲೆ.

ಆಸ್ಪತ್ರೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂಬ ಮಾತನ್ನು ಮೊದಲೇ ಹೇಳಬೇಕು. ಇಲ್ಲದಿದ್ದರೆ ಬಾತ್‌ರೂಮಿನಲ್ಲಿ ಬಿದ್ದವರನ್ನು ಬಿಪಿ, ಫಿಟ್ಸ್, ಹೃದಯಾಘಾತ ಎಂದೆಲ್ಲ ನೋಡುವುದರಲ್ಲಿ ಹೊತ್ತು ಕಳೆದುಹೋಗುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಾರ್ಬನ್ ಮೊನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊತ್ತದ್ದೆಂದೇ ಓದುವುದರಿಂದ 98 ಎಂದು ತೋರಿಸಿದರೂ ನೆಮ್ಮದಿಗೆ ಕಾರಣವಿಲ್ಲ. ರಕ್ತದಲ್ಲಿ ಅಂಥ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತೋರಿಸುವ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಮಾಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು. ಹೊರಗೆ ಬಂದು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕಾದ ಕಾರಣ ಇದು. ಕೆಲವರಲ್ಲಿ ಮರೆವು, ನಡಿಗೆಯ ತೊಡಕು, ಸ್ವಭಾವದ ಬದಲಾವಣೆ ಕೆಲವು ದಿನಗಳೋ ವಾರಗಳೋ ಕಳೆದ ಮೇಲೆ ಕಾಣಿಸಿಕೊಳ್ಳುವುದರಿಂದ ವೈದ್ಯರು ಹೇಳಿದ ಮರುಭೇಟಿಯನ್ನು ತಪ್ಪಿಸಬಾರದು. ಆ ಗೀಸರನ್ನು ಅದೇ ಜಾಗದಲ್ಲಿ ಮತ್ತೆ ಹಚ್ಚಬಾರದು.